ಸೆಕೆ ಬಿಟ್ಟು ಬಿಸಿಲಿಗೆ

ಬೇಸಿಗೆ ರಜೆಗೆ ಎಲ್ಲರೂ ಊಟಿ, ಮಡಿಕೇರಿ ಅಂತ ತಂಪು ಹುಡುಕಿಕೊಂಡು ಹೋಗುತ್ತಾರೆ. ನಾವು ಶಿರಸಿಯಂಥ ಊರು ಬಿಟ್ಟು ಈ 2025ರ ಏಪ್ರಿಲ್ ಕೊನೆಗೆ ಮಧುರೈಗೆ ಹೊರಟಿದ್ದೇವೆ. ಕೇಳಿದವರೆಲ್ಲ ಒಂದು ಸಲ ಮುಖ ನೋಡಿ, ಆಮೇಲೆ "ಈ ಬಿಸಿಲಿಗಾ?" ಅನ್ನುತ್ತಾರೆ. ಹೌದು, ಈ ಬಿಸಿಲಿಗೇ.

ಶುರುವಾಗಿದ್ದು ಶಿವರಾತ್ರಿಯ ದಿನ. ಅತ್ತೆ ದೇವಸ್ಥಾನದಿಂದ ಬಂದವರು ಜಗುಲಿಯಲ್ಲಿ ಕೂತು, "ಯಂಗೆ ಮಧುರೆ ಮೀನಾಕ್ಷಿ ನೋಡವು ಹೇಳಿ ಆಯ್ದು" ಅಂದರು. ಅವರು ಹೀಗೆ ಏನಾದರೂ ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ನಾನು ಈ ಮನೆಗೆ ಬಂದ ಹದಿನಾರು ವರ್ಷದಲ್ಲಿ ಎರಡೋ ಮೂರೋ ಸಲ. ಅದರ ಮೇಲೆ ಈ ವರ್ಷ ಮಾರಿಕಾಂಬೆ ಜಾತ್ರೆ ಇಲ್ಲ. ಶಿರಸಿಯವರಿಗೆ ಇದು ಗೊತ್ತಿರುವ ಲೆಕ್ಕ. ಎರಡು ವರ್ಷಕ್ಕೊಮ್ಮೆ ಜಾತ್ರೆ, ಆ ವರ್ಷ ನೆಂಟರು, ತೊಟ್ಟಿಲು, ಮಕ್ಕಳ ಬಳೆ-ಪೀಪಿ ಅಂತ ದುಡ್ಡು ಮನೆಯಲ್ಲೇ ಕರಗುತ್ತದೆ. ಮಧ್ಯದ ವರ್ಷ ಮಾತ್ರ ಪ್ರವಾಸದ ಮಾತು.

ಯಾಕೆ ಬೇಸಿಗೆಯಲ್ಲೇ ಅಂದರೆ ಬೇರೆ ಯಾವಾಗ ಹೇಳಿ? ನಾನು ಟೀಚರ್. ಮಕ್ಕಳಿಬ್ಬರಿಗೂ ನನಗೂ ಒಟ್ಟಿಗೆ ರಜೆ ಸಿಗುವುದು ಏಪ್ರಿಲ್ 11ರಿಂದ ಮೇ 28ರವರೆಗೆ. ದಸರೆ ರಜೆಯಲ್ಲಿ ಹೋದರೆ ಅತ್ತೆಗೆ ನವರಾತ್ರಿ ಪೂಜೆ ಬಿಟ್ಟುಬರಲಾಗುವುದಿಲ್ಲ, ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲು, ಆಮೇಲೆ ನಮ್ಮನೆಯವರಿಗೆ ಸೊಸೈಟಿಯಲ್ಲಿ ಮಾರ್ಚ್ ಎಂಡಿಂಗ್.

ಬಿಸಿಲಿನ ಪಾಠ ಒಂದು ಸಲ ಕಲಿತಿದ್ದೇವೆ. 2019ರ ಮೇ ತಿಂಗಳಲ್ಲಿ ಚೆನ್ನೈಗೆ ಹೋಗಿದ್ದೆವು. ಚೆನ್ನೈನಲ್ಲಿ ಕೆರೆಗಳೆಲ್ಲ ಒಣಗಿ ನೀರಿಗೆ ಹಾಹಾಕಾರ ಎದ್ದ ವರ್ಷ ಅದು. ನಾವು ಇಳಿದಿದ್ದ ಲಾಡ್ಜ್‌ನಲ್ಲಿ ಬೆಳಿಗ್ಗೆ ಎರಡು ಬಕೆಟ್, ಸಂಜೆ ಎರಡು ಬಕೆಟ್. ಮಗನಿಗೆ ಆಗ ಎರಡು ವರ್ಷ. ನಾವು ಜಾಣರು, ಬೆಳಿಗ್ಗೆ ನಿಧಾನ ಎದ್ದು ತಿಂಡಿ ಮುಗಿಸಿ ಮಹಾಬಲಿಪುರ ಮುಟ್ಟಿದ್ದು ಹನ್ನೆರಡು ಗಂಟೆಗೆ. ಕಲ್ಲಿನ ರಥಗಳ ಮುಂದೆ ಐದು ನಿಮಿಷ ನಿಂತಿದ್ದೆವೋ ಇಲ್ಲವೋ, ಮಗಳು ವಾಂತಿ ಮಾಡಿದಳು. ಅವತ್ತಿನ ಪಲ್ಲವರ ಶಿಲ್ಪ ನನಗೆ ನೆನಪಿಲ್ಲ. ಒಂದು ಎಳನೀರು ಗಾಡಿಯ ನೆರಳು ಮಾತ್ರ ಚೆನ್ನಾಗಿ ನೆನಪಿದೆ. ಹಾಗಾಗಿ ಈ ಸಲ ಮೊದಲೇ ಒಂದು ನಿಯಮ ಮಾಡಿದೆ. ಮಧ್ಯಾಹ್ನ ನಮ್ಮದಲ್ಲ. ಹತ್ತೂವರೆಯಿಂದ ನಾಲ್ಕೂವರೆವರೆಗಿನ ಹೊತ್ತನ್ನು ಬಿಸಿಲಿಗೆ ಬಿಟ್ಟುಕೊಡುವುದು, ಉಳಿದ ಹೊತ್ತಿನಲ್ಲಿ ಏನು ನೋಡಲಾಗುತ್ತದೋ ಅಷ್ಟೇ ನೋಡುವುದು.

ಇನ್ನು ತಿಥಿಯ ಕಥೆ. ಇದು ಹೇಳಲೇಬೇಕು.

ಮಧುರೈಯಲ್ಲಿ ಚಿತ್ತಿರೈ ಉತ್ಸವ ಅಂತ ದೊಡ್ಡ ಜಾತ್ರೆ ನಡೆಯುತ್ತದೆ, ಮೀನಾಕ್ಷಿಯ ಮದುವೆ, ತೇರು, ಅದು ಚೈತ್ರ ಹುಣ್ಣಿಮೆಗೆ ಮುಗಿಯುತ್ತದೆ ಅಂತ ಎಲ್ಲೋ ಓದಿದ್ದೆ. ಮಾವನ ಹತ್ತಿರ ಕೇಳಿದೆ. ಮಾವ ಕನ್ನಡಕ ಹಾಕಿಕೊಂಡು ಪಂಚಾಂಗ ತೆಗೆದು, "ಚೈತ್ರ ಹುಣ್ಣಿಮೆ ಏಪ್ರಿಲ್ 12ಕ್ಕೆ" ಅಂದರು. ಸರಿ, ಜಾತ್ರೆ ಗಲಾಟೆ ಮುಗಿದ ಒಂದು ತಿಂಗಳ ಮೇಲೆ ಹೋದರೆ ಊರು ಖಾಲಿ ಇರುತ್ತದೆ ಅಂತ ಲೆಕ್ಕ ಹಾಕಿ, ಮೇ 10ಕ್ಕೆ ಬೆಂಗಳೂರಿನಿಂದ ಹೊರಡುವ ಹಾಗೆ ರೈಲು ಬುಕ್ ಮಾಡಿದೆವು. ರಿಸರ್ವೇಶನ್ ಈಗ 120 ದಿನ ಮುಂಚೆ ಅಲ್ಲ, 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಹೋದ ನವೆಂಬರ್‌ನಿಂದ. ಮಾರ್ಚ್ ಎರಡನೇ ವಾರ ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಹಿಡಿದು ಕೂತಿದ್ದೆ. ಎಂಟು ಜನ ನಾವು. ಒಂದು ಟಿಕೆಟ್‌ನಲ್ಲಿ ಆರೇ ಜನ, ಹಾಗಾಗಿ ಎರಡು ಸಲ ಮಾಡಬೇಕು. ಮಾಡಿದೆ. ಬಹಳ ಹೆಮ್ಮೆಯಿಂದ ಎಲ್ಲರಿಗೂ ವಾಟ್ಸಾಪ್ ಮಾಡಿದೆ.

ಯುಗಾದಿಗೆ ತಂಗಿ ಬಂದಳು. ಅವಳ ಗಂಡ ಕೈಗಾ ಅಣುಸ್ಥಾವರದಲ್ಲಿ ಕೆಲಸ, ಮಲ್ಲಾಪುರದ ಟೌನ್‌ಶಿಪ್‌ನಲ್ಲಿ ಮನೆ. ಅಲ್ಲಿ ದೇಶದ ಎಲ್ಲಾ ಮೂಲೆಯವರೂ ಇದ್ದಾರೆ. ಅವಳ ಪಕ್ಕದ ಮನೆಯವರು ಮಧುರೈ ಕಡೆಯವರು, ತಂಗಿ ಅವರನ್ನು ಮಧುರೈ ಅಕ್ಕ ಅಂತಲೇ ಕರೆಯುವುದು. ನಮ್ಮ ತಾರೀಖು ಕೇಳಿ ಅವರು ನಕ್ಕರಂತೆ. "ಅಯ್ಯೋ, ಮೇ 12ಕ್ಕೆ ಅಳಗರ್ ನದಿಗೆ ಇಳಿಯುತ್ತಾರೆ. ಅವತ್ತು ನೀವು ಸ್ಟೇಷನ್‌ನಿಂದ ಲಾಡ್ಜ್ ಮುಟ್ಟಿದರೆ ದೊಡ್ಡದು" ಅಂದರಂತೆ.

ಮಾವನದೂ ತಪ್ಪಲ್ಲ, ಅವರದೂ ತಪ್ಪಲ್ಲ. ನಮ್ಮದು ಚಾಂದ್ರಮಾನ, ಯುಗಾದಿಯಿಂದ ಚೈತ್ರ ಶುರು. ಅವರದು ಸೌರಮಾನ. ಸೂರ್ಯ ಮೇಷಕ್ಕೆ ಬಂದ ಮೇಲೆ, ಅಂದರೆ ಏಪ್ರಿಲ್ 14ರ ಸುಮಾರಿಗೆ, ಚಿತ್ತಿರೈ ತಿಂಗಳು ಹುಟ್ಟುತ್ತದೆ. ಏಪ್ರಿಲ್ 12ರ ಹುಣ್ಣಿಮೆ ಅವರ ಲೆಕ್ಕಕ್ಕೆ ಹಿಂದಿನ ತಿಂಗಳದ್ದು. ಹಾಗಾಗಿ ಈ ವರ್ಷ ಅವರ ಚಿತ್ರಾ ಪೌರ್ಣಮಿ ನಮ್ಮ ವೈಶಾಖ ಹುಣ್ಣಿಮೆ. ಮಂಗಳೂರು ಕಡೆ ವಿಷು ಮಾಡುವವರಿಗೆ ಇದು ತಕ್ಷಣ ಹೊಳೆಯುತ್ತಿತ್ತೋ ಏನೋ. ನಾವು ಜಾತ್ರೆ ತಪ್ಪಿಸಿಕೊಳ್ಳಲು ಹೋಗಿ ಸರಿಯಾಗಿ ಅದರ ಹೊಟ್ಟೆಯೊಳಗೇ ಟಿಕೆಟ್ ತೆಗೆದಿದ್ದೆವು!

ಅಳಗರ್ ಕಥೆ ಗೊತ್ತಾ? ನನಗೆ ಬಹಳ ಇಷ್ಟವಾಯಿತು. ಅಳಗರ್ ಅಂದರೆ ವಿಷ್ಣು, ಮೀನಾಕ್ಷಿಗೆ ಅಣ್ಣ. ಊರಿಂದ ಇಪ್ಪತ್ತು ಕಿಲೋಮೀಟರ್ ದೂರದ ಬೆಟ್ಟದಿಂದ ತಂಗಿಯ ಮದುವೆಗೆ ಅಂತ ಹೊರಡುತ್ತಾನೆ. ದಾರಿಯಲ್ಲಿ ಅಲ್ಲಲ್ಲಿ ನಿಲ್ಲುತ್ತಾ ವೈಗೈ ನದಿ ಮುಟ್ಟುವಷ್ಟರಲ್ಲಿ ಮದುವೆ ಮುಗಿದೇ ಹೋಗಿರುತ್ತದೆ. ಸಿಟ್ಟು ಬಂದು ಊರೊಳಗೆ ಕಾಲಿಡದೆ ಹೊಳೆಯಿಂದಲೇ ವಾಪಸ್. ನಮ್ಮ ಕಡೆ ಮದುವೆಗಳಲ್ಲೂ ಇಂಥ ಒಬ್ಬ ಅಣ್ಣ ಇದ್ದೇ ಇರುತ್ತಾನೆ ಅಲ್ವಾ? ಬೇಸಿಗೆಯಲ್ಲಿ ವೈಗೈ ಬತ್ತಿರುತ್ತದೆ, ದೇವರು ಇಳಿಯಲು ನೀರು ಬೇಕಲ್ಲ, ಅದಕ್ಕೆ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಅತ್ತೆ ಇದನ್ನೆಲ್ಲ ಕೇಳಿ, "ಹಂಗಾದ್ರೆ ಮದ್ವೆಗೇ ಹೋಪನ" ಅಂತ ಹಟ ಹಿಡಿದರು. ಮೇ 8ಕ್ಕೆ ಕಲ್ಯಾಣ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಲಕ್ಷಗಟ್ಟಲೆ ಜನ, ಆ ಬಿಸಿಲು, ಮಂಡಿನೋವಿನ ಅತ್ತೆ, ಎಂಟು ವರ್ಷದ ಮಗ. ನಾನು ಒಪ್ಪಲಿಲ್ಲ. ಎರಡು ದಿನ ಮನೆಯಲ್ಲಿ ಸ್ವಲ್ಪ ಬಿಗಿ ಇತ್ತು, ಬಿಡಿ.

ಮೇ 12 ದಾಟಿಸಿ ಹೋಗೋಣ ಅಂದರೆ ಇನ್ನೊಂದು ಬಾಂಬ್. ಅದನ್ನೂ ಮಧುರೈ ಅಕ್ಕನೇ ಹಾಕಿದ್ದು. ಮೇ 4ರ ಸುಮಾರಿಗೆ ಶುರುವಾಗಿ 28ರವರೆಗೆ ಅವರಲ್ಲಿ ಅಗ್ನಿ ನಕ್ಷತ್ರ, ಕತ್ತಿರಿ ಬಿಸಿಲು ಅಂತಲೂ ಹೇಳುತ್ತಾರೆ. ಸೂರ್ಯ ಭರಣಿಯಿಂದ ಕೃತ್ತಿಕೆ ದಾಟಿ ರೋಹಿಣಿಗೆ ಹೋಗುವ ಹೊತ್ತು. ಮನೆ ಕಟ್ಟಲು ಶುರು ಮಾಡುವುದು, ಮನೆ ಬದಲಿಸುವುದು ಎಲ್ಲ ಆಗ ಬೇಡ ಅನ್ನುವವರಿದ್ದಾರೆ. ನಮ್ಮಲ್ಲೂ ಕೃತ್ತಿಕೆ ಮಳೆ ಅಂತ ಇದೆ, ಅದರ ಕಾಲವೂ ಹೆಚ್ಚುಕಡಿಮೆ ಇದೇ. ಅದೇ ನಕ್ಷತ್ರ, ನಮಗೆ ಮಳೆಯ ಹೆಸರು, ಅವರಿಗೆ ಬೆಂಕಿಯ ಹೆಸರು.

ಕೊನೆಗೆ ಏಪ್ರಿಲ್ 23 ಅಂತ ಆಯಿತು. ಏಪ್ರಿಲ್ ಕೊನೆಗೆ ಉತ್ಸವದ ಧ್ವಜ ಏರುವ ಮುಂಚೆ ನಾವು ವಾಪಸ್ ಹೊರಟಿರಬೇಕು. ಹಳೇ ಟಿಕೆಟ್ ಕ್ಯಾನ್ಸಲ್. ಥರ್ಡ್ ಎಸಿಗೆ ತಲೆಗೆ 180 ರೂಪಾಯಿ ಕಟ್, ಮೇಲೆ ಜಿಎಸ್‌ಟಿ. ಹೋಗಿ ಬರುವುದು ಎಂಟೆಂಟು ಹದಿನಾರು ಟಿಕೆಟ್. ಹೆಚ್ಚುಕಡಿಮೆ ಮೂರು ಸಾವಿರ ಪಂಚಾಂಗಕ್ಕೆ ದಕ್ಷಿಣೆ. ನಮ್ಮನೆಯವರು ಇದನ್ನು ಇನ್ನೂ ಹತ್ತು ವರ್ಷ ಹೇಳುತ್ತಾರೆ ನೋಡಿ. ಅತ್ತೆಗೆ ಸೀನಿಯರ್ ರಿಯಾಯಿತಿ ಸಿಗುತ್ತದೆ ಅಂತ ಮಾವ ನೆನಪಿಸಿದರು. ಅದನ್ನು ರೈಲ್ವೆ 2020ರ ಮಾರ್ಚ್‌ನಲ್ಲೇ ನಿಲ್ಲಿಸಿದೆ. ಮೊದಲು 58 ದಾಟಿದ ಹೆಂಗಸರಿಗೆ ಅರ್ಧ ಟಿಕೆಟ್ ಇತ್ತು. ಈಗ ಮೊಮ್ಮಗನಿಗೆಷ್ಟೋ ಅಜ್ಜಿಗೂ ಅಷ್ಟೇ.

ಶಿರಸಿಗೆ ರೈಲಿಲ್ಲ, ಅದು ಹಳೇ ಹಾಡು. ನಾವು ಐದು ಜನ ತಾಳಗುಪ್ಪಕ್ಕೆ ಹೋಗಿ ರಾತ್ರಿ ರೈಲು ಹತ್ತುತ್ತೇವೆ. ತಂಗಿಯ ಮನೆಯವರು ಮೂವರು ಕಾರವಾರದಿಂದ ಪಂಚಗಂಗಾ ರೈಲಿನಲ್ಲಿ ಬರುತ್ತಾರೆ. ಬೆಳಿಗ್ಗೆ ಬೆಂಗಳೂರಲ್ಲಿ ಅಣ್ಣನ ಮನೆಯಲ್ಲಿ ಸ್ನಾನ, ತಿಂಡಿ. ಮಧ್ಯಾಹ್ನ ಒಂದೂವರೆಗೆ ಕಂಟೋನ್ಮೆಂಟ್‌ನಿಂದ ವಂದೇ ಭಾರತ್. ಮಂಗಳವಾರ ಒಂದು ದಿನ ಅದು ಇಲ್ಲ, ನಮ್ಮದು ಬುಧವಾರ, ಬಚಾವ್. ರಾತ್ರಿ ಮುಕ್ಕಾಲು ಹತ್ತಕ್ಕೆ ಮಧುರೈ. ಟಿಕೆಟ್ ಜಾಸ್ತಿ ಅಂತ ನಮ್ಮನೆಯವರು ಗೊಣಗಿದರು. ಆದರೆ ದಿನದ ಕೆಟ್ಟ ಬಿಸಿಲು ಪೂರ್ತಿ ಎಸಿ ಬೋಗಿಯಲ್ಲಿ ಕಳೆಯುತ್ತದೆ, ಇಳಿಯುವಾಗ ಕತ್ತಲೆ. ನನ್ನ ನಿಯಮಕ್ಕೆ ಇದಕ್ಕಿಂತ ಒಳ್ಳೇ ರೈಲು ಸಿಗುವುದಿಲ್ಲ.

ಸೆಕೆಯ ಬಗ್ಗೆ ಈ ಎರಡು ವಾರದಲ್ಲಿ ನಮ್ಮಲ್ಲಿ ಆದಷ್ಟು ಚರ್ಚೆ ಯಾವ ಚುನಾವಣೆಗೂ ಆಗಿಲ್ಲ. ತಂಗಿ ಹೇಳುವುದು, "ಕಾರವಾರದಲ್ಲಿ ಇದ್ದವರಿಗೆ ಮಧುರೈ ಏನು ಮಹಾ?" ಅಂತ. ನೋಡಲು ಹೋದರೆ ಕಾರವಾರದಲ್ಲಿ ಪಾದರಸ ಸಾಮಾನ್ಯವಾಗಿ 34ರ ಆಸುಪಾಸಿನಲ್ಲೇ. ಮಧುರೈಯಲ್ಲಿ 38, 39, ಮೇ ಬಂದರೆ 40. ಆದರೂ ಕಾರವಾರದಲ್ಲಿ ಸ್ನಾನ ಮಾಡಿ ಬಂದು ಪೌಡರ್ ಹಾಕುವಷ್ಟರಲ್ಲಿ ಮತ್ತೆ ಒದ್ದೆ. ಗಾಳಿಯಲ್ಲೇ ಅಷ್ಟು ನೀರಿದ್ದರೆ ಮೈ ಬೆವರು ಆರುವುದು ಎಲ್ಲಿಗೆ? ಮಧುರೈ ಅಕ್ಕ ಹೇಳಿದ್ದು ಇನ್ನೂ ಚೆನ್ನಾಗಿದೆ. ಕಾರವಾರದ್ದು ಬೇಯಿಸುವ ಸೆಕೆ, ಮಧುರೈದು ಹುರಿಯುವ ಬಿಸಿಲು.

ಇದು ಸುಮ್ನೆ ಮಾತಿನ ಚಂದಕ್ಕೆ ಹೇಳಿದ್ದಲ್ಲ. ನಮಗೆ ಸೆಕೆ ಗೊತ್ತು. ಬೆವರು ಕಾಣುತ್ತದೆ, ಒರೆಸುತ್ತೇವೆ, ನೀರು ಕುಡಿಯುತ್ತೇವೆ. ಒಣ ಬಿಸಿಲಲ್ಲಿ ಬೆವರು ಬಂದಿದ್ದೇ ಗೊತ್ತಾಗದೆ ಆರಿ ಹೋಗುತ್ತದೆ. ಮೈ ಒಣಗಿದೆ, ಆರಾಮ ಇದ್ದೇನೆ ಅಂದುಕೊಂಡು ಓಡಾಡಿದವರಿಗೆ ಸಂಜೆ ತಲೆನೋವು, ಕಾಲು ಸೆಳೆತ. ಚೆನ್ನೈ ಕಡಲ ಊರು, ಅಲ್ಲಿ ನಮಗೆ ಆಗಿದ್ದು ಬೇರೆ ಜಾತಿ. ಇಲ್ಲಿ ಬಾಯಾರಿಕೆ ಆಗಲಿ ಬಿಡಲಿ ಕುಡಿಯುತ್ತಿರಬೇಕು, ಅದೂ ಬರೀ ನೀರಲ್ಲ, ಉಪ್ಪು ಹಾಕಿದ ಮಜ್ಜಿಗೆ. ಓಆರ್‌ಎಸ್ ಪೊಟ್ಟಣ ಇಪ್ಪತ್ತು ತಂದಿಟ್ಟಿದ್ದೇನೆ. ಅತ್ತೆ ಅದನ್ನು ನೋಡಿ, ಮಾವಿನಕಾಯಿಯ ಅಪ್ಪೆಹುಳಿ ಇರುವಾಗ ಇದೆಲ್ಲ ಎಂತಕ್ಕೆ ಅಂದರು. ಅಪ್ಪೆಹುಳಿಯೂ ಉಪ್ಪು, ಹುಳಿ, ನೀರೇ ಅಲ್ವಾ. ಕುಡಿದರೆ ನಿದ್ದೆಯೂ ಬರುತ್ತದೆ, ಮಧ್ಯಾಹ್ನಕ್ಕೆ ಬೇಕಾದದ್ದೂ ಅದೇ. ಆದರೆ ಬಾಟಲಿಯಲ್ಲಿ ಎರಡು ದಿನ ಪ್ರಯಾಣ ಮಾಡಿಸಿದರೆ ಅದು ಏನಾಗಿರುತ್ತದೋ. ಮುರುಗಲು ಶರಬತ್ತಿನ ಬಾಟಲಿಗೆ ಇಬ್ಬರೂ ರಾಜಿಯಾದೆವು.

ಲಾಡ್ಜ್ ಹುಡುಕುವಾಗ ಈ ಸಲ ನಾನು ಪೊಲೀಸರ ಹಾಗೆ ಕೇಳಿದೆ. ರೂಮು ಯಾವ ಮಹಡಿ? ಕೊನೇ ಮಹಡಿ ಬೇಡ, ತಾರಸಿ ಕಾದು ರಾತ್ರಿಯಿಡೀ ಮೇಲಿಂದ ಬಿಸಿ ಇಳಿಯುತ್ತದೆ. ಕರೆಂಟ್ ಹೋದರೆ ಜನರೇಟರ್ ಫ್ಯಾನಿಗೆ ಮಾತ್ರವಾ, ಎಸಿಗೂ ಬರುತ್ತದಾ? ನೀರು ದಿನವಿಡೀ ಇದೆಯಾ? ಮಧ್ಯಾಹ್ನ ಟ್ಯಾಂಕಿನ ನೀರು ಕುದಿಯುತ್ತದೆ, ಹಾಗಾಗಿ ಬೆಳಿಗ್ಗೆಯೇ ಒಂದು ಬಕೆಟ್ ತುಂಬಿಡಿ ಅಂತ ಮಧುರೈ ಅಕ್ಕನ ಸಲಹೆ. ಪಶ್ಚಿಮಕ್ಕೆ ಕಿಟಕಿ ಇದೆಯಾ ಅಂತ ಕೇಳಿದಾಗ ಫೋನಿನ ಆ ಕಡೆಯ ಹುಡುಗನಿಗೆ ನಾನು ಮನೆ ಕೊಳ್ಳುತ್ತಿದ್ದೇನೆ ಅನ್ನಿಸಿರಬೇಕು. ಕೊನೆಗೆ ದೇವಸ್ಥಾನಕ್ಕೆ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ಎರಡನೇ ಮಹಡಿಯಲ್ಲಿ ಮೂರು ರೂಮು ಸಿಕ್ಕಿತು.

ನೋಡುವ ಜಾಗಗಳು ನಿಜಕ್ಕೂ ನನ್ನ ನಿಯಮಕ್ಕೇ ಕಟ್ಟಿದ ಹಾಗಿವೆ. ಮೀನಾಕ್ಷಿ ದೇವಸ್ಥಾನ ಬೆಳಿಗ್ಗೆ ಐದಕ್ಕೆ ತೆರೆಯುತ್ತದೆ, ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಬಾಗಿಲು, ಮತ್ತೆ ನಾಲ್ಕಕ್ಕೆ. ದೇವರೇ ಮಧ್ಯಾಹ್ನ ಮಲಗುವ ಊರಿನಲ್ಲಿ ನಾವು ತಿರುಗುವುದು ಯಾಕೆ? ಐದೂವರೆಗೆ ಹೊರಟರೆ ಕಲ್ಲುಹಾಸು ತಣ್ಣಗಿರುತ್ತದೆ. ಚಪ್ಪಲಿ ಹೊರಗೇ ಬಿಡಬೇಕು, ಹತ್ತು ಗಂಟೆಯ ಮೇಲೆ ಆ ಕಲ್ಲಿನ ಮೇಲೆ ಮಕ್ಕಳು ಕುಣಿಯುತ್ತಾರೆ, ಭಕ್ತಿಯಿಂದ ಅಲ್ಲ. ಮೊಬೈಲ್ ಒಳಗೆ ಬಿಡುವುದಿಲ್ಲ. 2018ರಲ್ಲಿ ಒಳಗೆ ಬೆಂಕಿ ಬಿದ್ದು ಒಂದು ಮಂಟಪ ಹಾಳಾದ ಮೇಲೆ ಬಹಳ ಬಿಗಿ. ಮಗಳಿಗೆ ಇದು ದೊಡ್ಡ ಆಘಾತ. ಹದಿನಾಲ್ಕು ಗೋಪುರ ಇರುವ ಕಡೆ ಒಂದೂ ಸೆಲ್ಫಿ ಇಲ್ಲವಾ ಅಂತ. ಹೊರಗಿನಿಂದ ತೆಗಿ ಮಾರಾಯ್ತಿ ಅಂದೆ, ದಕ್ಷಿಣದ ಗೋಪುರವೇ ಐವತ್ತು ಮೀಟರ್ ದಾಟುತ್ತದೆ, ಹೊರಗಿಂದಲೇ ಚೆನ್ನಾಗಿ ಕಾಣುತ್ತದೆ. ಸಾವಿರ ಕಂಬದ ಮಂಟಪದಲ್ಲಿ ಎಣಿಸಿದರೆ 985 ಕಂಬ ಅಂತ ಗೊತ್ತಾದ ಮೇಲೆ ಮಗ ಎಣಿಸುವ ಕೆಲಸ ವಹಿಸಿಕೊಂಡಿದ್ದಾನೆ. ರಾತ್ರಿ ಸುಂದರೇಶ್ವರನನ್ನು ಪಲ್ಲಕ್ಕಿಯಲ್ಲಿ ಮೀನಾಕ್ಷಿಯ ಕಡೆಗೆ ಕರೆದೊಯ್ಯುವ ಶಯನದ ಪೂಜೆ ಇದೆ. ಮದುವೆ ತಪ್ಪಿಸಿದ್ದಕ್ಕೆ ಅತ್ತೆಗೆ ಇದನ್ನು ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಎರಡನೇ ದಿನ ಬೆಳಿಗ್ಗೆ ತಿರುಮಲೈ ನಾಯಕರ ಅರಮನೆ, 1636ರದ್ದು. ಸಂಜೆಗೆ ಗಾಂಧಿ ಮ್ಯೂಸಿಯಂ. ಅದೂ ರಾಣಿ ಮಂಗಮ್ಮಾಳ್ ಅರಮನೆಯೇ, ಮ್ಯೂಸಿಯಂ ಆಗಿದ್ದು 1959ರಲ್ಲಿ. ಗುಂಡೇಟು ಬಿದ್ದ ದಿನ ಗಾಂಧಿ ಮೈಮೇಲಿದ್ದ ಬಟ್ಟೆ ಅಲ್ಲಿದೆ. ಗಾಂಧಿ ಅಂಗಿ ಬಿಟ್ಟು ತುಂಡು ಪಂಚೆಗೆ ಇಳಿದದ್ದೂ ಇದೇ ಊರಿನಲ್ಲಿ, 1921ರ ಸೆಪ್ಟೆಂಬರ್ 22ಕ್ಕೆ. "ಮಧುರೈ ಸೆಕೆಗೆ ನಾನೂ ಬಿಡ್ತಿದ್ದೆ" ಅಂತ ನಮ್ಮನೆಯವರ ಜೋಕ್. ಕಾರಣ ಸೆಕೆ ಅಲ್ಲ, ಬಡವರಿಗೆ ಖಾದಿ ಕೊಳ್ಳಲು ದುಡ್ಡಿಲ್ಲ ಅನ್ನುವುದು. ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕಥೆ ಕೇಳಿ ಬೆಳೆದ ಅತ್ತೆ ಆ ಜೋಕಿಗೆ ನಗಲಿಲ್ಲ.

ಕೊಡೈಕನಾಲ್ ಬೇಡ ಅಂತಾಯಿತು. ಮಧುರೈಯಿಂದ ಸುಮಾರು 120 ಕಿಲೋಮೀಟರ್, ತಂಪು ಹೌದು, ಆದರೆ ಹೋದ ವರ್ಷದಿಂದ ಗಾಡಿಗೆ ಇ-ಪಾಸ್ ಬೇಕು, ರಜೆಯಲ್ಲಿ ಘಾಟಿಯಲ್ಲಿ ಗಾಡಿ ಸಾಲು. ಘಾಟಿ, ತಿರುವು, ಮಂಜು ನೋಡಲು ನಾವು ದೇವಿಮನೆ ಘಟ್ಟ ಬಿಟ್ಟು ಅಲ್ಲಿಗೆ ಹೋಗಬೇಕಾ?

ಅದರ ಬದಲು ಮಗ ರಾಮೇಶ್ವರ ಗೆದ್ದ. ಈ ರಾಮನವಮಿಗೆ, ಏಪ್ರಿಲ್ 6ಕ್ಕೆ, ಪಂಬನ್‌ನ ಹೊಸ ರೈಲ್ವೆ ಸೇತುವೆ ಶುರುವಾಯಿತಲ್ಲ, ಅದರ ವಿಡಿಯೋ ದಿನಕ್ಕೆ ಹತ್ತು ಸಲ ನೋಡುತ್ತಾನೆ. ಸಮುದ್ರದ ಮೇಲೆ ಎರಡು ಕಿಲೋಮೀಟರ್, ಮಧ್ಯದ 72 ಮೀಟರ್ ತುಂಡು ಲಿಫ್ಟ್ ಹಾಗೆ ನೇರ ಮೇಲೆ ಏರುತ್ತದೆ, ಕೆಳಗೆ ಹಡಗು ಹೋಗುತ್ತದೆ. ಹಳೇದು 1914ರದ್ದು. ತಂಗಿಗೆ ಸೇತುವೆ ಅಂದರೆ ಈಗಲೂ ಎದೆ ಝಲ್ ಅನ್ನುತ್ತದೆ. ಹೋದ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ರಾತ್ರೋರಾತ್ರಿ ಕುಸಿದು ಲಾರಿ ನೀರಿಗೆ ಬಿದ್ದದ್ದು ಅವಳ ಊರಿನಲ್ಲೇ. ಇದು ಹೊಸದು ಚಿಕ್ಕಿ, ಅಂತ ಮಗ ಸಮಾಧಾನ ಮಾಡಿದ್ದಾನೆ. ರಾಮೇಶ್ವರಕ್ಕೆ ಹೋದರೆ ನನ್ನ ಮಧ್ಯಾಹ್ನದ ನಿಯಮ ಒಂದು ದಿನ ಮುರಿಯುತ್ತದೆ, ಬೇರೆ ದಾರಿಯಿಲ್ಲ. ಕಡಲ ಗಾಳಿ ಇರುತ್ತದೆ ಅನ್ನುವ ಧೈರ್ಯ ಅಷ್ಟೇ.

ತಿನ್ನುವುದಕ್ಕೆ ನನಗೆ ಚಿಂತೆಯಿಲ್ಲ, ಇಡ್ಲಿ ಊರು ಅದು. ಜಿಗರ್‌ಥಂಡಾ ಒಂದು ಕುಡಿಯಲೇಬೇಕು. ಹಾಲು, ನೆನೆಸಿದ ಬಾದಾಮಿ ಅಂಟು, ನನ್ನಾರಿ ಶರಬತ್ತು, ಮೇಲೆ ಐಸ್‌ಕ್ರೀಮ್. ನನ್ನಾರಿ ಅಂದರೆ ನಮ್ಮ ಸೊಗದೆ ಬೇರು. ಇನ್ನು ಮಲ್ಲಿಗೆ. ಮಧುರೈ ಮಲ್ಲಿಗೆಗೆ 2013ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಸರ್ಕಾರಿ ಗುರುತು, ಸಿಕ್ಕಿದೆ. ಭಟ್ಕಳ ಮಲ್ಲಿಗೆ ಮುಂದೆ ಅದೇನು ಅಂತ ತಂಗಿಯ ವಾದ, ಪಕ್ಕದಲ್ಲಿ ಮಧುರೈ ಅಕ್ಕ ಇಲ್ಲದಾಗ ಮಾತ್ರ. ಅತ್ತೆಗೆ ಸುಂಗುಡಿ ಸೀರೆ ಬೇಕು. ಹತ್ತಿ ಸೀರೆ, ಚುಕ್ಕಿ ಚುಕ್ಕಿ, ಬೇಸಿಗೆಗೆ ಒಳ್ಳೇದು. ಒಂದು ಅತ್ತೆಗೆ, ಒಂದು ನನಗೆ, ಒಂದು ಮಧುರೈ ಅಕ್ಕನಿಗೇ ತಂದುಕೊಡಬೇಕು, ಅವರು ಊರಿಗೆ ಹೋಗಿ ಎರಡು ವರ್ಷ ಆಯಿತಂತೆ.

ಮಾವ ಬರುವುದಿಲ್ಲ. ಆಕಳು, ತೋಟಕ್ಕೆ ನೀರು ಅಂತ ಕಾರಣ ಹೇಳುತ್ತಾರೆ. ತಾರೀಖಿನ ವಿಷಯದಲ್ಲಿ ಬೇಜಾರಾಗಿದೆಯೋ ಅಂತ ನನಗೆ ಅನುಮಾನ. ಮೊನ್ನೆ ನಾನು ಇಲ್ಲದಾಗ ಮಗನ ಹತ್ತಿರ ಸೌರಮಾನದ ಲೆಕ್ಕ ವಿವರಿಸುತ್ತಿದ್ದರು. ಪಕ್ಕಾ ಸರಿಯಾಗಿ.

ಅತ್ತೆಯದು ಒಂದೇ ಶರತ್ತು. ಹಲಸಿನ ಹಪ್ಪಳ ಮುಗಿಸದೆ ಮನೆ ಬಿಡುವ ಹಾಗಿಲ್ಲ. ಮೇ ಅಂತ ಇದ್ದಾಗ ಸಮಯ ಇತ್ತು, ಈಗ ವಾರವೂ ಪೂರ್ತಿ ಇಲ್ಲ. ದಿನಾ ಬೆಳಿಗ್ಗೆ ಬೇಯಿಸುವುದು, ಕುಟ್ಟುವುದು, ಒತ್ತುವುದು, ಅಂಗಳದಲ್ಲಿ ಚಾಪೆ ಹಾಸಿ ಹರಡುವುದು, ಮಕ್ಕಳಿಗೆ ಕಾಗೆ ಕಾಯುವ ಕೆಲಸ. ಮುನ್ನೂರು ಆಗಿದೆ, ಇನ್ನೂ ನೂರಾದರೂ ಆಗಬೇಕಂತೆ.

ವಾಪಸ್ ಬರುವ ಟಿಕೆಟ್ ಇನ್ನೂ ವೇಟಿಂಗ್. 27ರ ರಾತ್ರಿ, ತೂತುಕುಡಿಯಿಂದ ಮೈಸೂರಿಗೆ ಬರುವ ರೈಲು. ಆರು ಜನರದ್ದು ಕನ್ಫರ್ಮ್ ಆಗಿದೆ, ಎರಡನೇ ಟಿಕೆಟ್‌ನ ಇಬ್ಬರದ್ದು 14ರಿಂದ ಇಳಿದು ಇಳಿದು ಇವತ್ತು ಬೆಳಿಗ್ಗೆ 6ಕ್ಕೆ ನಿಂತಿದೆ. ಆ ಇಬ್ಬರು ಯಾರು ಅಂತ ಕೇಳಬೇಡಿ. ನಾನು ಮತ್ತು ನಮ್ಮನೆಯವರು.

ಇನ್ನೂ ಸಾಮಾನಿನ ಪಟ್ಟಿ ಬರೆಯಬೇಕಿತ್ತು, ಆದರೆ ಹುಲೇಕಲ್ ಕಡೆಯಿಂದ ಮೋಡ ಕಪ್ಪಾಗಿದೆ, ಗಾಳಿ ಎದ್ದಿದೆ, ಒಂದು ದೊಡ್ಡ ಹನಿ ಕಿಟಕಿಗೆ ಬಿತ್ತು. ಅತ್ತೆ ಅಂಗಳದಿಂದ ಕೂಗುತ್ತಿದ್ದಾರೆ. ಹಪ್ಪಳ ಒಳಗೆ ತರಬೇಕು.